ರಿಸೆಪ್ಷನ್‌ನಲ್ಲಿ ಹಾಡು, ಆಟ, ಗದ್ದಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳಗದಲ್ಲಿ ಯಾರದಾದರೂ ಮದುವೆ ಗೊತ್ತಾದರೆ ಸಾಕು, ನನಗೊಂದು ಫೋನ್ ಬರುತ್ತದೆ. "ರಿಸೆಪ್ಷನ್ ದಿನ ಏನಾದ್ರೂ ಹಾಡಿನ ಆಟ ಆಡಿಸ್ತೀಯಾ?" ನಾನು ಗಾಯಕನೂ ಅಲ್ಲ, ಇದು ನನ್ನ ಕಸುಬೂ ಅಲ್ಲ. ಒಮ್ಮೆ ಮೈಕು ಹಿಡಿದಿದ್ದೇ ತಪ್ಪಾಯಿತು. ಮದುವೆಗಳು ಬೇರೆ ಬೇರೆ, ಆದರೆ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಫೋನಿನಲ್ಲಿ, ಮೆಸೇಜಿನಲ್ಲಿ, ಊಟದ ಸಾಲಿನಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

## ಶುರು ಮಾಡುವ ಮುಂಚೆ

ಆಟ ಬೇಕೇ ಬೇಕಾ? ಜನ ಬರ್ತಾರೆ, ಹಾರೈಸ್ತಾರೆ, ಊಟ ಮಾಡ್ತಾರೆ, ಹೋಗ್ತಾರೆ. ಸಾಕಲ್ವಾ?

ಬೇಕೇ ಬೇಕು ಅಂತೇನೂ ಇಲ್ಲ. ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವ ಐವತ್ತು ಜನರ ಕೂಟಕ್ಕೆ ಆಟ ತುರುಕಿದರೆ ನಡೆಯುತ್ತಿದ್ದ ಹರಟೆ ಕೆಡುತ್ತದೆ, ಅಷ್ಟೇ. ಆದರೆ ರಿಸೆಪ್ಷನ್ ಅಂದರೆ ಸಾಮಾನ್ಯವಾಗಿ ಹಾಗಿರುವುದಿಲ್ಲ. ಹೆಣ್ಣಿನ ಕಡೆಯವರು ಒಂದು ಮೂಲೆ, ಗಂಡಿನ ಕಡೆಯವರು ಇನ್ನೊಂದು ಮೂಲೆ, ಆಫೀಸಿನವರು ಬಾಗಿಲ ಹತ್ತಿರ ಫೋನ್ ನೋಡಿಕೊಂಡು ನಿಂತಿರುತ್ತಾರೆ. ಪರಿಚಯ ಇಲ್ಲದವರು ಪಕ್ಕದಲ್ಲಿ ಕೂತಾಗ ಮಾತಾಡಲು ಒಂದು ನೆಪ ಬೇಕು. "ಅಯ್ಯೋ, ಆ ಹಾಡು ನಾಲಿಗೆ ತುದೀಲಿದೆ, ಯಾವುದು ಹೇಳಿ" ಅನ್ನುವುದಕ್ಕಿಂತ ಒಳ್ಳೆಯ ನೆಪ ನನಗಂತೂ ಸಿಕ್ಕಿಲ್ಲ. ಹಾಗಾಗಿ ಆಟ ಆರಿಸುವಾಗ ನಾನು ನೋಡುವುದು ಒಂದೇ: ಹಾಡಲು ಬಾರದವರು, ಎದ್ದು ಬರಲು ಮನಸ್ಸಿಲ್ಲದವರು ಕೂತ ಜಾಗದಿಂದಲೇ ಸೇರಿಕೊಳ್ಳಬಹುದಾ? ಆಗದಿದ್ದರೆ ಅದು ಆಟವಲ್ಲ, ಐದು ಜನರ ಪ್ರದರ್ಶನ.

ಎಷ್ಟು ಹೊತ್ತು ಇಡೋದು? ಊಟಕ್ಕೆ ಮುಂಚೆನಾ, ಆಮೇಲಾ?

ಒಂದು ಆಟಕ್ಕೆ ಹತ್ತರಿಂದ ಹದಿನೈದು ನಿಮಿಷ. ಇಡೀ ಸಂಜೆಗೆ ಮೂರು ಆಟ ಧಾರಾಳವಾಯಿತು. ಕೂತು ಆಡುವುದು ಊಟಕ್ಕೆ ಮುಂಚೆ, ಅಂದರೆ ಜನ ಇನ್ನೂ ಬರುತ್ತಿರುವಾಗ, ಫೋಟೋ ಸಾಲು ಉದ್ದ ಇರುವಾಗ. ಕುಣಿತ, ಓಟ ಎಲ್ಲ ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ. ಊಟ ಬಡಿಸುವಾಗ ಮಾತ್ರ ಯಾವ ಆಟವೂ ಬೇಡ, ತಟ್ಟೆ ಮುಂದಿರುವ ಮನುಷ್ಯನ ಹತ್ತಿರ ಚಪ್ಪಾಳೆ ಕೇಳಬಾರದು.

ನನಗೆ ಹಾಡೋಕೆ ಬರಲ್ಲ, ತಾಳ ಅಂದ್ರೂ ಅಷ್ಟಕ್ಕಷ್ಟೇ. ನಾನು ನಡೆಸಿಕೊಡಬಹುದಾ?

ಧಾರಾಳವಾಗಿ. ನಿಜ ಹೇಳಬೇಕೆಂದರೆ ಚೆನ್ನಾಗಿ ಹಾಡುವವರಿಗಿಂತ ನೀವೇ ವಾಸಿ. ಚೆನ್ನಾಗಿ ಹಾಡುವವರ ಕೈಗೆ ಮೈಕು ಕೊಟ್ಟರೆ ಆಟ ಕಛೇರಿಯಾಗುತ್ತದೆ, ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಡೆಸುವವರಿಗೆ ಬೇಕಾದ್ದು ಎರಡೇ. ನಿಯಮವನ್ನು ಎರಡು ವಾಕ್ಯದಲ್ಲಿ ಹೇಳಲು ಬರಬೇಕು, ತಕರಾರು ಬಂದಾಗ ನಗುತ್ತಲೇ ತೀರ್ಪು ಕೊಡಬೇಕು. ಜೊತೆಗೆ ಹಾಡು ಹಾಕಿ ನಿಲ್ಲಿಸಲು ಇನ್ನೊಬ್ಬರು ಇರಲಿ. ಮೈಕು, ಫೋನು, ಚೀಟಿ ಮೂರನ್ನೂ ಒಬ್ಬರೇ ಹಿಡಿದು ಒದ್ದಾಡುವುದನ್ನು ನೋಡಲಾಗುವುದಿಲ್ಲ.

ಕರೆದ್ರೂ ಯಾರೂ ಎದ್ದು ಬರಲ್ಲ. ಎಲ್ಲಾ ನೆಲ ನೋಡ್ತಾರೆ. ಏನ್ ಮಾಡೋದು?

ಕರೆಯಲೇಬೇಡಿ. "ಯಾರು ಬರ್ತೀರಾ?" ಅಂತ ಕೇಳಿದ ಕೂಡಲೇ ಸಭೆ ಕಲ್ಲಾಗುತ್ತದೆ. ಮೊದಲ ಆಟ ಎಲ್ಲರೂ ಕೂತಲ್ಲೇ ಒಟ್ಟಿಗೆ ಮಾಡುವಂಥದ್ದಾಗಿರಲಿ. ಹಾಡು ಬಿಟ್ಟುಬಿಟ್ಟು ಹಾಕಿ, ನಿಂತಾಗ ಮುಂದಿನ ಸಾಲನ್ನು ಎಲ್ಲರೂ ಸೇರಿ ಹೇಳಲಿ. ಗುಂಪಿನಲ್ಲಿ ದನಿ ಕಲೆತುಹೋಗುತ್ತದೆ, ನಾಚಿಕೆ ಇರುವುದಿಲ್ಲ. ಎರಡು ಹಾಡಾಗುವಷ್ಟರಲ್ಲಿ ಯಾರು ಜೋರಾಗಿ ಹಾಡುತ್ತಿದ್ದಾರೆ ಅಂತ ಕಣ್ಣಿಗೆ ಬೀಳುತ್ತದೆ, ಮುಂದಿನ ಆಟಕ್ಕೆ ಅವರನ್ನೇ ಎಬ್ಬಿಸಿ. ನೆಲ ನೋಡುವವರನ್ನು ಕೈ ಹಿಡಿದು ಎಳೆಯುವುದು ಮಾತ್ರ ಬೇಡ. ಹಾಗೆ ಎಳೆಸಿಕೊಂಡವರು ಮದುವೆ ಮರೆತರೂ ಅದನ್ನು ಮರೆಯುವುದಿಲ್ಲ.

## ಆಟಗಳು

ಹಾಡು ಗುರುತಿಸೋ ಆಟ ಎಲ್ಲರೂ ಆಡಿಸ್ತಾರೆ. ಅದನ್ನ ಚೆನ್ನಾಗಿ ಆಡಿಸೋದು ಹೇಗೆ?

ಹೆಚ್ಚಿನವರು ಪಲ್ಲವಿಯನ್ನೇ ಹಾಕಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಮಜಾ ಇರುವುದು ಹಾಡುವ ದನಿ ಶುರುವಾಗುವುದಕ್ಕೆ ಮುಂಚಿನ ವಾದ್ಯದಲ್ಲಿ. ಹಾಡಿನ ಮೊದಲ ಮೂರು ಸೆಕೆಂಡು ಮಾತ್ರ ಹಾಕಿ ನಿಲ್ಲಿಸಿ. ಗೊತ್ತಾಗದಿದ್ದರೆ ಐದು, ಆಮೇಲೆ ಹತ್ತು. ಮೂರಕ್ಕೇ ಹೇಳಿದವರಿಗೆ 10 ಅಂಕ, ಐದಕ್ಕೆ 5, ಹತ್ತಕ್ಕೆ 2. ಹೀಗೆ ಮಾಡಿದರೆ ಸುಲಭದ ಹಾಡೂ ಕಷ್ಟವಾಗುತ್ತದೆ, ಕಷ್ಟದ ಹಾಡೂ ಕೊನೆಗೆ ಸಿಗುತ್ತದೆ. ಕೂಗಿದವರದ್ದೇ ಮೊದಲ ಉತ್ತರ ಅಂತ ಇಟ್ಟರೆ ಜಗಳ ಖಂಡಿತ. ಮೇಜಿಗೊಂದು ಹಾಳೆ ಕೊಟ್ಟು ಬರೆಸಿ. ಆ ಹಾಳೆಯ ಸುತ್ತ ಆರೇಳು ತಲೆ ಸೇರಿ ಗುಸುಗುಸು ಶುರುವಾಗುತ್ತದಲ್ಲ, ನಮಗೆ ಬೇಕಾದ್ದು ಅದೇ.

ಹಾಡು ಆರಿಸುವಾಗ ಒಂದು ಎಚ್ಚರ. ನಿಮ್ಮ ವಯಸ್ಸಿನ ಹಾಡೇ ತುಂಬಬೇಡಿ. ಹತ್ತರಲ್ಲಿ ಮೂರು ಅಜ್ಜ-ಅಜ್ಜಿಯರ ಕಾಲದ್ದು, ಮೂರು ಅಪ್ಪ-ಅಮ್ಮಂದಿರದ್ದು, ಮೂರು ಈಗಿನದ್ದು, ಒಂದು ಮಕ್ಕಳದ್ದು. ಆಗ ಒಂದೇ ಮೇಜಿನಲ್ಲಿ ಅಜ್ಜಿಯೂ ಮೊಮ್ಮಗನೂ ಬೇಕಾಗುತ್ತಾರೆ.

ಹಾಡಿನ ಬಿಂಗೋ ಅಂದ್ರೆ ಏನು? ಎಷ್ಟು ಹಾಡು ಬೇಕು?

ಅಂಕಿಯ ಬದಲು ಹಾಡಿನ ಹೆಸರಿರುವ ಚೀಟಿ. 30 ಹಾಡಿನ ಪಟ್ಟಿ ಮಾಡಿಕೊಳ್ಳಿ. ಪ್ರತಿ ಚೀಟಿಯಲ್ಲೂ ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಮನೆ. ಆ 30ರಲ್ಲಿ ಯಾವುದಾದರೂ 16 ಹಾಡನ್ನು ಚೀಟಿಯಿಂದ ಚೀಟಿಗೆ ಬದಲಾಯಿಸಿ ತುಂಬಿ. ಒಂದೊಂದು ಹಾಡನ್ನು ಅರ್ಧ ನಿಮಿಷ ಹಾಕುತ್ತಾ ಹೋಗಿ, ಹೆಸರು ಮಾತ್ರ ಹೇಳಬೇಡಿ. ಆ ಹಾಡು ತಮ್ಮ ಚೀಟಿಯಲ್ಲಿದ್ದರೆ ಗುರುತು ಹಾಕಿಕೊಳ್ಳಬೇಕು, ಒಂದು ಸಾಲು ಪೂರ್ತಿಯಾದವರು ಕೂಗಬೇಕು.

ನೂರು ಚೀಟಿ ಹಂಚಿದರೆ ಏಳೆಂಟು ಹಾಡಾಗುವಷ್ಟರಲ್ಲಿ ಯಾರಾದರೂ ಒಂದು ಸಾಲು ಮುಗಿಸಿ ಕೂಗಿಬಿಡುವ ಸಾಧ್ಯತೆ ಜಾಸ್ತಿ. ಮೊದಲ ಸಲ ನನಗೆ ಇದು ಹೊಳೆದಿರಲಿಲ್ಲ. ಅರ್ಧ ಗಂಟೆಯ ಆಟ ಅಂದುಕೊಂಡಿದ್ದು ನಾಲ್ಕು ನಿಮಿಷಕ್ಕೆ ಮುಗಿದು, ಕೈಯಲ್ಲಿ ಮೈಕು ಹಿಡಿದು ಪೆಚ್ಚಾಗಿ ನಿಂತಿದ್ದೆ. ಈಗ ಮೊದಲ ಸಾಲಿಗೆ ಒಂದು ಬಹುಮಾನ, ನಾಲ್ಕು ಮೂಲೆಗೆ ಒಂದು, ಪೂರ್ತಿ ಚೀಟಿಗೆ ಒಂದು ಅಂತ ಮೊದಲೇ ಹೇಳಿಬಿಡುತ್ತೇನೆ. 30 ಹಾಡೂ ಮುಗಿದರೆ ಸುಮಾರು ಕಾಲು ಗಂಟೆ, ಸರಿಯಾಗುತ್ತದೆ.

ಅಂತ್ಯಾಕ್ಷರಿ ಬೋರ್ ಆಗೋಗಿದೆ. ಅದೇ ನಾಲ್ಕು ಅಕ್ಷರ, ಅದೇ ನಾಲ್ಕು ಹಾಡು.

ಹೌದು, "ನ" ಬಂದರೆ ಎಲ್ಲರ ಬಾಯಲ್ಲೂ ಅದೇ ಹಾಡು. ಇನ್ನೊಂದು ಕಾಟ ಅಂದರೆ "ಳ" ಮತ್ತು "ಣ". ಈ ಎರಡರಿಂದ ನಮ್ಮಲ್ಲಿ ಪದಗಳೇ ಶುರುವಾಗುವುದಿಲ್ಲ, ಇನ್ನು ಹಾಡೆಲ್ಲಿಂದ ಬರಬೇಕು? "ಳ" ಬಂದರೆ "ಲ", "ಣ" ಬಂದರೆ "ನ" ಅಂತ ಶುರುವಿನಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಯಾರೋ ಒಬ್ಬರು ಬೇಕಂತಲೇ ಅಲ್ಲಿಗೆ ತಂದು ನಿಲ್ಲಿಸುತ್ತಾರೆ.

ಬೋರ್ ಕಳೆಯಬೇಕಾದರೆ ಅಕ್ಷರ ಬಿಟ್ಟು ಪದ ಹಿಡಿಯಿರಿ. ಚೀಟಿಯಲ್ಲಿ ಮಳೆ, ಕಣ್ಣು, ಚಂದಿರ, ದಾರಿ, ಹಕ್ಕಿ ಅಂತ ಬರೆದು ಮಡಚಿಡಿ. ಎತ್ತಿದ ಚೀಟಿಯಲ್ಲಿರುವ ಪದ ಹಾಡಿನಲ್ಲಿ ಎಲ್ಲಾದರೂ ಬರಬೇಕು, ಮೊದಲಲ್ಲೇ ಇರಬೇಕಾಗಿಲ್ಲ. ಎರಡು ಗುಂಪೂ ಒಂದೇ ಪದಕ್ಕೆ ಸರದಿಯಲ್ಲಿ ಹಾಡುತ್ತಾ ಹೋಗುತ್ತವೆ. ಹತ್ತು ಎಣಿಸುವುದರೊಳಗೆ ಹಾಡು ಬರದ ಗುಂಪು ಅಂಕ ಕಳೆದುಕೊಳ್ಳುತ್ತದೆ. ಇನ್ನೂ ಕಷ್ಟ ಬೇಕೆನ್ನುವ ಪಳಗಿದವರಿಗೆ, ಪಲ್ಲವಿ ಹಾಡುವಂತಿಲ್ಲ, ಚರಣ ಮಾತ್ರ ಅನ್ನಿ. ದೊಡ್ಡ ದೊಡ್ಡ ಹಾಡುಗಾರರೂ ತಬ್ಬಿಬ್ಬಾಗುತ್ತಾರೆ.

ಗುಂಪು ಮಾಡುವಾಗ ಹೆಣ್ಣಿನ ಕಡೆ, ಗಂಡಿನ ಕಡೆ ಅಂತ ಎದುರುಬದುರು ಕೂರಿಸಬೇಡಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲವೂ ಹಾಗೇ ಕೂರಿಸುತ್ತಾರೆ. ಹುಟ್ಟಿದ ತಿಂಗಳು ಬೆಸವಾದರೆ ಒಂದು ಗುಂಪು, ಸಮವಾದರೆ ಇನ್ನೊಂದು. ಬೀಗರು ಬೀಗರು ಒಂದೇ ಗುಂಪಿಗೆ ಬಿದ್ದು ಒಟ್ಟಿಗೆ ಹಾಡು ಹುಡುಕಲಿ.

ಮ್ಯೂಸಿಕಲ್ ಚೇರ್‌ಗೆ 30 ಜನ ಬಂದ್ರು, ಮುಗೀಲೇ ಇಲ್ಲ. ಏನ್ ತಪ್ಪಾಯ್ತು?

ಲೆಕ್ಕ ನೋಡಿ. 30 ಜನ ಅಂದರೆ 29 ಸುತ್ತು. ಸುತ್ತಿಗೆ ಒಂದೂವರೆ ನಿಮಿಷ ಹಿಡಿದರೂ ಮುಕ್ಕಾಲು ಗಂಟೆ ಹತ್ತಿರ ಹತ್ತಿರ! ಮೊದಲಲ್ಲೇ ಔಟಾದವರು ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ. ಶುರುವಿನಲ್ಲಿ ಒಂದೇ ಸಲಕ್ಕೆ ಐದು ಕುರ್ಚಿ ತೆಗೆಯಿರಿ, ಆಮೇಲೆ ಮೂರು, ಕೊನೆಯ ಐದು ಜನ ಉಳಿದ ಮೇಲೆ ಒಂದೊಂದು. ಹಾಡು ನಿಲ್ಲಿಸುವವರು ಆಡುವವರಿಗೆ ಬೆನ್ನು ಹಾಕಿ ನಿಲ್ಲಬೇಕು, ಆಗ "ನಿಮ್ಮ ತಂಗಿ ಕುರ್ಚಿ ಮುಂದೆ ಬಂದಾಗ್ಲೇ ನಿಲ್ಲಿಸಿದ್ರಿ" ಅನ್ನುವ ಮಾತು ಬರುವುದಿಲ್ಲ. ಕೈ ಇಲ್ಲದ, ಗಟ್ಟಿ ಕುರ್ಚಿ ಆರಿಸಿ. ಮಡಚುವ ಕುರ್ಚಿ ಖಂಡಿತ ಬೇಡ. ಒಮ್ಮೆ ಅದರಲ್ಲಿ ನನ್ನದೇ ಬೆರಳು ಸಿಕ್ಕಿಕೊಂಡಿತ್ತು, ಆಟ ಅಲ್ಲಿಗೆ ನಿಂತಿತು.

ಓಡಾಡಲು ಜಾಗ ಇಲ್ಲದಿದ್ದರೆ ಅಥವಾ ಎಲ್ಲರೂ ಉದ್ದ ಬಟ್ಟೆ ಉಟ್ಟಿದ್ದರೆ ಪೊಟ್ಟಣ ದಾಟಿಸುವ ಆಟವೇ ಸುಖ. ಹಾಡು ನಿಂತಾಗ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚಿ, ಒಳಗಿರುವ ಚೀಟಿಯಲ್ಲಿ ಬರೆದದ್ದನ್ನು ಮಾಡಬೇಕು. ಯಾರೂ ಔಟ್ ಆಗುವುದಿಲ್ಲ.

ಮಕ್ಕಳಿಗೆ ಬೇರೆ ಆಟ ಬೇಕಾ?

ಬೇಕು, ಆದರೆ ಯೋಚನೆ ಜಾಸ್ತಿ ಬೇಡ. ಹಾಡು ಬಂದಾಗ ಕುಣಿ, ನಿಂತಾಗ ಬೊಂಬೆ ಹಾಗೆ ನಿಲ್ಲು. ಇದೊಂದೇ ಸಾಕು, ಅವರೇ ಅರ್ಧ ಗಂಟೆ ಎಳೆಯುತ್ತಾರೆ. ಅಲುಗಾಡಿದವರನ್ನು ಹೊರಗೆ ಹಾಕಬೇಡಿ, ತೀರ್ಪು ಕೊಡುವ ಕೆಲಸಕ್ಕೆ ಹಚ್ಚಿ. ಅಳು ಬರುವುದಿಲ್ಲ.

ಮದುಮಕ್ಕಳನ್ನ ಸೇರಿಸ್ಕೊಂಡು ಏನಾದ್ರೂ ಇದೆಯಾ? ಅವರಿಗೆ ಮುಜುಗರ ಆಗಬಾರ್ದು.

ನನಗೆ ತುಂಬಾ ಇಷ್ಟವಾದ ಆಟ ಇದೇ. ಮದುವೆಗೆ ಒಂದು ವಾರ ಮುಂಚೆ ಬರುವವರಿಗೆ ಮೆಸೇಜ್ ಹಾಕಿ: "ಇವರಿಬ್ಬರಲ್ಲಿ ಒಬ್ಬರನ್ನ ನೆನೆದರೆ ನಿಮಗೆ ನೆನಪಾಗುವ ಹಾಡು ಯಾವುದು? ಯಾಕೆ?" ಬಂದದ್ದರಲ್ಲಿ ಎಂಟು ಹಾಡು ಆರಿಸಿ. ಆ ದಿನ ಹಾಡಿನ ತುಣುಕು ಹಾಕಿದಾಗ, ಇದನ್ನು ಕಳಿಸಿದವರು ಯಾರು ಅಂತ ಮದುಮಕ್ಕಳು ಊಹಿಸಬೇಕು. ಆಮೇಲೆ ಕಳಿಸಿದವರು ಕೂತಲ್ಲಿಂದಲೇ ಎರಡು ಮಾತು ಹೇಳುತ್ತಾರೆ. ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಒಂದು ಲಾಲಿ ಹಾಡು ಕಳಿಸಿದ್ದರು. "ಇವಳನ್ನ ಮಲಗಿಸೋಕೆ ನನಗೆ ಗೊತ್ತಿದ್ದದ್ದು ಇದೊಂದೇ ಹಾಡು, ಇವಳು ಮಲಗ್ತಾನೇ ಇರಲಿಲ್ಲ" ಅಂದರು. ಸಭೆ ನಕ್ಕಿತು, ಅವರ ಕಣ್ಣು ಒದ್ದೆಯಾಗಿತ್ತು.

ಕಳಿಸಿದ ಹಾಡುಗಳನ್ನು ನೀವು ಮೊದಲೇ ಓದಿ ನೋಡಿಕೊಳ್ಳಲೇಬೇಕು. ಹಳೆಯ ಪ್ರೇಮದ ಸುಳಿವು ಕೊಡುವ ಚೇಷ್ಟೆಯ ಗೆಳೆಯ ಎಲ್ಲ ಬಳಗದಲ್ಲೂ ಒಬ್ಬ ಇರುತ್ತಾನೆ. ಇನ್ನು ಬಾಯಲ್ಲಿ ನೀರು ತುಂಬಿಕೊಂಡು ಹಾಡು ಗುನುಗುವ ಆಟ ಅಂತ ಒಂದಿದೆ, ಬಹಳ ನಗು ಬರುತ್ತದೆ. ಮದುವೆಯ ಬಟ್ಟೆ ಹಾಕಿಕೊಂಡವರಿಗೆ ಮಾತ್ರ ಅದನ್ನು ಆಡಿಸಬೇಡಿ.

ಮೇಜಿನ ಮೇಲಿರೋ ಲೋಟದಲ್ಲೇ ಸಂಗೀತ ಬರಿಸಬಹುದಂತೆ, ನಿಜಾನಾ?

ನಿಜ. ಒಂದೇ ಥರದ ಐದು ಗಾಜಿನ ಲೋಟ, ಒಂದು ಚಮಚ ಸಾಕು. ನೀರು ಜಾಸ್ತಿ ಇದ್ದಷ್ಟೂ ಸ್ವರ ಇಳಿಯುತ್ತದೆ, ಯಾಕೆಂದರೆ ನೀರಿನ ಭಾರಕ್ಕೆ ಗಾಜು ನಿಧಾನವಾಗಿ ಕಂಪಿಸುತ್ತದೆ. ತಮಾಷೆ ಅಂದರೆ ಬಾಟಲಿಯ ಬಾಯಿಗೆ ಊದಿದರೆ ಇದು ಉಲ್ಟಾ. ಅಲ್ಲಿ ಕಂಪಿಸುವುದು ಒಳಗಿನ ಗಾಳಿ, ನೀರು ಜಾಸ್ತಿ ಹಾಕಿದರೆ ಗಾಳಿಗೆ ಜಾಗ ಕಡಿಮೆ, ಸ್ವರ ಏರುತ್ತದೆ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು ಐದು ಲೋಟವನ್ನು ಸ, ರಿ, ಗ, ಪ, ಧ ಸ್ವರಕ್ಕೆ ಹೊಂದಿಸಿ. ಇದು ಮೋಹನ ರಾಗದ ಐದು ಸ್ವರ, ಯಾವ ಕ್ರಮದಲ್ಲಿ ಬಡಿದರೂ ಕಿವಿಗೆ ಕಟುವಾಗುವುದಿಲ್ಲ. ಮೇಜಿಗೆ ಐದು ನಿಮಿಷ ಕೊಟ್ಟು, ಎಲ್ಲರಿಗೂ ಗೊತ್ತಾಗುವ ಒಂದು ಹಾಡಿನ ಸಾಲು ನುಡಿಸಿ ಅನ್ನಿ. ಮೆಲ್ಲಗೆ ತಟ್ಟಲು ಹೇಳಿ, ಒಡೆದ ಲೋಟದ ಲೆಕ್ಕ ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

## ತೊಡಕುಗಳು

ಎರಡು ಕಡೆಯವರ ಭಾಷೆ ಬೇರೆ ಬೇರೆ. ಒಬ್ಬರ ಹಾಡು ಇನ್ನೊಬ್ಬರಿಗೆ ಗೊತ್ತಿಲ್ಲ.

ಹಾಗಿದ್ದರೆ ಹಾಡಿನ ಮಾತು ಬಿಡಿ, ತಾಳ ಹಿಡಿಯಿರಿ. ನೀವು ಚಪ್ಪಾಳೆಯಲ್ಲಿ ಒಂದು ಲಯ ಹಾಕಿ, ಸಭೆ ಅದನ್ನೇ ವಾಪಸ್ ಹಾಕಲಿ, ಪ್ರತಿ ಸಲ ಒಂದಿಷ್ಟು ಕಷ್ಟ ಮಾಡುತ್ತಾ ಹೋಗಿ. ತಪ್ಪುವುದೇ ತಮಾಷೆ.

ಇನ್ನೊಂದಿದೆ. ಒಂದು ಕಡೆಯವರ ಹೆಸರಾಂತ ಹಾಡಿನ ಎರಡು ಸಾಲನ್ನು ಪದಕ್ಕೆ ಪದ ಇನ್ನೊಂದು ಭಾಷೆಗೆ ತಿರುಗಿಸಿ, ವಾರ್ತೆ ಓದುವವರ ಗತ್ತಿನಲ್ಲಿ ಓದಿಸಿ. ಯಾವ ಹಾಡು ಅಂತ ಆ ಹಾಡಿನ ಕಡೆಯವರು ಕಂಡುಹಿಡಿಯಬೇಕು. ಪ್ರೇಮಗೀತೆಗಳು ಹವಾಮಾನ ವರದಿಯ ಹಾಗೆ ಕೇಳಿಸುತ್ತವೆ. ಇನ್ನೂ ಒಳ್ಳೆಯದು ಅಂದರೆ ಓದುವವರು ಹೊಸ ಅಳಿಯನೋ ಸೊಸೆಯೋ ಆಗಿ, ಗೊತ್ತಿಲ್ಲದ ಭಾಷೆಯನ್ನು ತಡವರಿಸಿ ಓದುವುದು.

ವಯಸ್ಸಾದವರು, ಗಾಲಿಕುರ್ಚಿಯಲ್ಲಿರೋರು, ಕಿವಿ ಕೇಳದವರು ಇದ್ದಾರೆ. ಅವರನ್ನ ಹೇಗೆ ಸೇರಿಸೋದು?

ಅವರಿಗಾಗಿ ಬೇರೆ ಆಟ ಮಾಡಬೇಡಿ, ಎಲ್ಲರ ಆಟವನ್ನೇ ಅವರಿಗೆ ಒಗ್ಗುವಂತೆ ಮಾಡಿ. ಬಿಂಗೋ ಚೀಟಿಯಲ್ಲಿ ಅಕ್ಷರ ದೊಡ್ಡದಿರಲಿ. ಅಂಕ ಬರೆಯುವುದು, ತೀರ್ಪು ಕೊಡುವುದು ಅಜ್ಜಂದಿರಿಗೆ ಬಹಳ ಇಷ್ಟ, ಅವರ ಮಾತಿಗೆ ಎದುರಾಡುವವರೂ ಕಡಿಮೆ. ಕಿವಿ ಕೇಳದವರು ಊದಿದ ಬಲೂನನ್ನು ಎರಡು ಕೈಯಲ್ಲಿ ಮೆತ್ತಗೆ ಹಿಡಿದು ಸ್ಪೀಕರ್ ಹತ್ತಿರ ಕೂತರೆ ತಾಳದ ಹೊಡೆತ ಅಂಗೈಗೆ ತಿಳಿಯುತ್ತದೆ. ಹಾಡು ನಿಂತದ್ದು ಎಲ್ಲರಿಗೂ ಕಾಣುವಂತೆ ಒಂದು ಬಾವುಟ ಎತ್ತಿದರೆ ಪೊಟ್ಟಣದ ಆಟಕ್ಕೂ ಅವರು ಸೇರಬಹುದು. ಬೆನ್ನನ್ನು ಹಿಂದಕ್ಕೆ ಬಾಗಿಸಿ ಕೋಲಿನ ಕೆಳಗೆ ಮುಂದಕ್ಕೆ ನುಸುಳುವ ಲಿಂಬೊ ಆಟ ಚೆನ್ನಾಗಿದೆ, ಆದರೆ ಊಟವಾದ ಮೇಲೆ ಸೊಂಟ ಹಿಡಿದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಕರೋಕೆ ಇಟ್ರೆ ಚಿಕ್ಕಪ್ಪ ಒಬ್ಬರೇ ಮೈಕ್ ಹಿಡ್ಕೊಂಡ್ರು, ಬಿಡಲೇ ಇಲ್ಲ. ಹೇಗೆ ತಪ್ಪಿಸೋದು?

ಪ್ರತಿ ಮದುವೆಗೂ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. ಕರೋಕೆ ಅನ್ನುವ ಜಪಾನಿ ಪದದ ಅರ್ಥವೇ ಖಾಲಿ ಆರ್ಕೆಸ್ಟ್ರಾ, ಅಂದರೆ ಯಂತ್ರ ಬರೀ ಹಿನ್ನೆಲೆ ಸಂಗೀತ ನುಡಿಸುತ್ತದೆ, ಹಾಡುವುದು ನಾವು. ಡೈಸುಕೆ ಇನೊಯೆ ಅನ್ನುವವರು 1971ರಲ್ಲಿ ಕೋಬೆಯಲ್ಲಿ ಇಂಥ ಯಂತ್ರ ಕಟ್ಟಿ ಬಾಡಿಗೆಗೆ ಬಿಟ್ಟರು, ಪೇಟೆಂಟ್ ಮಾಡಿಸಲಿಲ್ಲ. 2004ರಲ್ಲಿ ಅವರಿಗೆ ತಮಾಷೆಯ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬೇರೆಯವರ ಹಾಡನ್ನು ಸಹಿಸಿಕೊಳ್ಳುವುದನ್ನು ಜಗತ್ತಿಗೆ ಕಲಿಸಿದ್ದಕ್ಕೆ ಶಾಂತಿ ಪ್ರಶಸ್ತಿ! ಚಿಕ್ಕಪ್ಪನನ್ನು ಕೇಳಿದವರಿಗೆ ಅದು ಅರ್ಥವಾಗುತ್ತದೆ.

ದಾರಿ ಸುಲಭ. ಒಬ್ಬರಿಗೆ ಒಂದು ಪಲ್ಲವಿ, ಒಂದು ಚರಣ, ಅಷ್ಟೇ. ಇಬ್ಬರು ಸೇರಿಯೇ ಹಾಡಬೇಕು, ಜೊತೆಗಾರರ ಹೆಸರು ಚೀಟಿ ಎತ್ತಿ ಬರಬೇಕು ಅಂತ ಇಟ್ಟರಂತೂ ಚಿಕ್ಕಪ್ಪನ ಪಕ್ಕ ಬೀಗಿತ್ತಿ ಬಂದು ನಿಂತು ಆಟವೇ ಬೇರೆಯಾಗುತ್ತದೆ. ಏರು ದನಿಗೆ ಗಂಟಲು ಸಿಗದವರಿಗೆ ಶ್ರುತಿ ಎರಡು ಮೂರು ಮನೆ ಇಳಿಸಿಕೊಡಿ, ಕರೋಕೆ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಆ ಗುಂಡಿ ಇರುತ್ತದೆ.

ಮೈಕ್ ಕೀ ಅಂತ ಕೂಗುತ್ತೆ, ಹಾಡೋದೂ ಮ್ಯೂಸಿಕ್ಕೂ ಹೊಂದಲ್ಲ. ಯಾಕೆ?

ಇವು ಎರಡು ಬೇರೆ ಕಾಯಿಲೆ. ಕೂಗುವುದು ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೋಗಿ ಸುತ್ತು ಹಾಕುವುದರಿಂದ. ಹಾಡುವವರು ಸ್ಪೀಕರಿನ ಹಿಂದೆ ನಿಲ್ಲಲಿ, ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯದಿರಲಿ. ಅರ್ಧ ಸಮಸ್ಯೆ ಅಲ್ಲಿಗೇ ಹೋಗುತ್ತದೆ.

ಹೊಂದದೇ ಇರುವುದು ಬ್ಲೂಟೂತ್‌ನಿಂದ. ಅದರಲ್ಲಿ ದನಿ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ ತಡವಾಗಿ ಬರಬಹುದು. ಸುಮ್ನೆ ಹಾಡು ಕೇಳುವಾಗ ಗೊತ್ತಾಗುವುದಿಲ್ಲ, ಪರದೆ ನೋಡಿಕೊಂಡು ಹಾಡುವಾಗ ಮಾನ ಹೋಗುತ್ತದೆ. ವೈರ್ ಹಾಕಿ. ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಮಧುರವಾದ ಘಳಿಗೆಯಲ್ಲಿ ಸಾಲ ಬೇಕಾ ಅಂತ ಯಾರೋ ಫೋನ್ ಮಾಡುತ್ತಾರೆ. ಮೈಕಿಗೆ ಒಂದು ಜೊತೆ ಹೊಸ ಬ್ಯಾಟರಿ ಜೇಬಿನಲ್ಲಿರಲಿ.

ಸೌಂಡ್ ಎಷ್ಟಿರಬೇಕು? ಹುಡುಗರು ಏರಿಸು ಅಂತಾರೆ, ಹಿರಿಯರು ಇಳಿಸು ಅಂತಾರೆ.

ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಸಂಗೀತ ಹಾಕುವ ಜಾಗಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಮಿತಿ, 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ. ಅದು ಮೇಲಿನ ಗೆರೆ, ಅಲ್ಲಿಯವರೆಗೆ ಏರಿಸಿ ಅಂತಲ್ಲ. ನನ್ನ ಅಳತೆ ಸರಳ: ಒಂದು ತೋಳಿನ ದೂರದಲ್ಲಿರುವವರ ಜೊತೆ ಕಿರುಚದೆ ಮಾತಾಡಲು ಆಗಬೇಕು. ಮಾತಾಡಿಸಲಿಕ್ಕೇ ಆಟ ಇಟ್ಟು ಮಾತು ಕೇಳಿಸದಂತೆ ಮಾಡಿದರೆ ಹೇಗೆ? ಹಿರಿಯರ ಮೇಜುಗಳನ್ನು ಸ್ಪೀಕರಿನಿಂದ ದೂರ ಹಾಕಿಸಿ, ಜಗಳ ಅಲ್ಲೇ ಅರ್ಧ ತೀರುತ್ತದೆ.

300 ಜನ ಇರ್ತಾರೆ. ಇಷ್ಟು ಜನಕ್ಕೆ ಯಾವ ಆಟನೂ ಆಗಲ್ಲ ಅಲ್ವಾ?

ಆಗುತ್ತದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಚೆಂದ. ಮಳೆ ಬರಿಸುವ ಆಟ ಆಡಿಸಿ. ಏನೂ ಸಾಮಾನು ಬೇಡ. ಎಲ್ಲರೂ ಮೊದಲು ಅಂಗೈ ಉಜ್ಜಬೇಕು, ಅದು ಗಾಳಿ. ಆಮೇಲೆ ಚಿಟಿಕೆ, ಅದು ಮೊದಲ ಹನಿ. ಆಮೇಲೆ ತೊಡೆ ಬಡಿಯುವುದು, ಮಳೆ ಜೋರಾಯಿತು. ಕೊನೆಗೆ ಕಾಲು ಬಡಿದರೆ ಗುಡುಗು. ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಅಂಗೈ ಉಜ್ಜುವಲ್ಲಿಗೆ ನಿಲ್ಲುವುದು. ನೀವು ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ನಡೆಯುತ್ತಾ ಬನ್ನಿ. ನೀವು ಎದುರಿಗೆ ಬಂದಾಗ ಮಾತ್ರ ಆ ಸಾಲಿನವರು ಬದಲಾಯಿಸಬೇಕು, ಮುಂದಿನ ಸಲ ಬರುವವರೆಗೆ ಅದನ್ನೇ ಮುಂದುವರಿಸಬೇಕು. ಮಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿದ ಹಾಗೆ ಕೇಳಿಸುತ್ತದೆ. ಮೂರು ನಿಮಿಷದ ಆಟ. ಮುಗಿದ ಮೇಲೆ ಒಂದು ಕ್ಷಣ ಪೂರ್ತಿ ಮೌನ ಬರುತ್ತದೆ, ರಿಸೆಪ್ಷನ್ ಹಾಲಿನಲ್ಲಿ ಅಂಥದ್ದು ನಾನು ಬೇರೆ ಯಾವಾಗಲೂ ಕೇಳಿಲ್ಲ.

ಇಷ್ಟು ಜನರಿಂದ ಒಂದೇ ತಾಳ ಹಾಕಿಸುವುದಾದರೆ ಒಂದು ವಿಷಯ ನೆನಪಿಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಮೀಟರ್ ಉದ್ದದ ಹಾಲಿನ ಆ ತುದಿಯ ಚಪ್ಪಾಳೆ ಈ ತುದಿಗೆ ಮುಟ್ಟಲು ಹತ್ತಿರ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕಿವಿ ನಂಬಿ ತಾಳ ಹಾಕಿದರೆ ಹಿಂದಿನವರು ಹಿಂದೆಯೇ ಉಳಿಯುತ್ತಾರೆ. ಅದಕ್ಕೇ ವೇದಿಕೆ ಮೇಲೆ ನಿಂತು ಕೈ ಎತ್ತಿ ತೋರಿಸಿ, ಕಣ್ಣಿಗೆ ತಡವಾಗುವುದಿಲ್ಲ. ನಿಧಾನದ ತಾಳವನ್ನೇ ಹಿಡಿಯಿರಿ.

ಆಟ ನಡುವೆ ಕೆಟ್ಟೋದ್ರೆ? ಯಾರೂ ನಗ್ತಿಲ್ಲ, ಎಲ್ಲಾ ಫೋನ್ ನೋಡ್ತಿದ್ದಾರೆ.

ನಿಲ್ಲಿಸಿಬಿಡಿ. "ಇನ್ನು ಎರಡೇ ಸುತ್ತು" ಅಂತ ಹೇಳಿ, ನಿಜವಾಗಿಯೂ ಎರಡೇ ಸುತ್ತು ಆಡಿಸಿ, ಇದ್ದವರಲ್ಲಿ ಜಾಸ್ತಿ ಅಂಕ ಬಂದವರಿಗೆ ಬಹುಮಾನ ಕೊಟ್ಟು ಒಳ್ಳೆಯ ಹಾಡೊಂದು ಹಾಕಿ. ಆಟ ಅರ್ಧಕ್ಕೆ ನಿಂತಿತು ಅಂತ ಯಾರೂ ಕೇಳುವುದಿಲ್ಲ. ನನಗೊಮ್ಮೆ ಹೀಗೇ ಆಗಿತ್ತು. ನಿಲ್ಲಿಸಿ ಹಾಡು ಹಾಕಿದ ಐದು ನಿಮಿಷಕ್ಕೆ ನೋಡಿದರೆ, ಹಿಂದಿನ ಮೇಜಿನಲ್ಲಿ ನಾಲ್ಕು ಜನ ಅತ್ತೆಯಂದಿರು ಉಳಿದಿದ್ದ ಪದಚೀಟಿಗಳನ್ನು ಎತ್ತಿಕೊಂಡು ತಮ್ಮಷ್ಟಕ್ಕೆ ತಾವೇ, ಮೈಕಿಲ್ಲದೆ, ಸಣ್ಣ ದನಿಯಲ್ಲಿ ಆಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಹಕ್ಕಿ" ಅಂತ ಬಂದಿತ್ತು, ಯಾರಿಗೂ ಐದನೇ ಹಾಡು ಹೊಳೆಯುತ್ತಿರಲಿಲ್ಲ.